ಒಂದನೇ ಪ್ಲಾಟ್‌ಫಾರ್ಮೋ, ಎರಡನೆಯದೋ

ಜೂನ್ 14, ಬೆಳಿಗ್ಗೆ 8.10. ಬೀರು ಸರಿಸಿದಾಗ ಅದರ ಹಿಂದಿನಿಂದ ಒಂದು ನೋಟ್‌ಬುಕ್ ಬಿತ್ತು. ತೆರೆಯುವ ಮೊದಲೇ ನೀಲಗಿರಿ ಎಣ್ಣೆಯ ವಾಸನೆ. ಅದು ದೊಡ್ಡಮ್ಮನ ಮಂಡಿಯ ಎಣ್ಣೆ. ಆಕೆಯ ಕೈಚೀಲದಲ್ಲಿ ಮುಚ್ಚಳ ಸಡಿಲವಾದ ಬಾಟಲಿಯ ಪಕ್ಕ ಈ ನೋಟ್‌ಬುಕ್ ಒಂದು ಭಾನುವಾರ ಪ್ರಯಾಣ ಮಾಡಿತ್ತು.

ಒಳಗಿರುವುದೆಲ್ಲ ರೈಲುಗಳು. ಊರ ನಡುವೆ ನೆಲದೊಳಗೆ ನುಗ್ಗುವ ನಮ್ಮ ಮೆಟ್ರೊ ಆಗ ಕೆಂಗೇರಿಗೆ ಮುಗಿಯುತ್ತಿತ್ತು. ನಡುವಿನ ನಿಲ್ದಾಣಗಳಲ್ಲಿ ತೊಂದರೆಯಿಲ್ಲ: ಹೋಗುವುದಕ್ಕೊಂದು ಪ್ಲಾಟ್‌ಫಾರ್ಮ್, ಬರುವುದಕ್ಕೊಂದು. ಕೊನೆಯ ನಿಲ್ದಾಣದಲ್ಲಿ ಹಾಗಲ್ಲ. ಎರಡರಿಂದಲೂ ರೈಲು ಊರ ಕಡೆಗೇ ಹೊರಡುತ್ತದೆ. ಮುಂದಿನದು ಯಾವುದರಿಂದ? ಫಲಕ ಹೇಳುತ್ತಿತ್ತು, ನಿಜ. ಆದರೆ ಅದು ಹೇಳಿದ ಮೇಲೆ ಹೊರಟರೆ ದೊಡ್ಡಮ್ಮ ಮೇಲೆ ತಲುಪುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತಿತ್ತು. ಆಕೆಗೆ ಲಿಫ್ಟ್ ಎಂದರೆ ಭಯ, ಓಡುವ ಮೆಟ್ಟಿಲೆಂದರೆ ಇನ್ನೂ ಭಯ. ಕಲ್ಲಿನ ಮೆಟ್ಟಿಲು ಹತ್ತಲು ನಾಲ್ಕು ನಿಮಿಷ, ನಾನೇ ಅಳೆದಿದ್ದೇನೆ.

ಆದ್ದರಿಂದ ಕಾಲೇಜಿಗೆ ಹೋಗುವಾಗಲೆಲ್ಲ ಬರೆದಿಟ್ಟೆ. ನಲವತ್ತೊಂದು ದಿನ. ಒಂದನೇ ಪ್ಲಾಟ್‌ಫಾರ್ಮ್ ಇಪ್ಪತ್ತೊಂಬತ್ತು ಸಲ, ಎರಡನೆಯದು ಹನ್ನೆರಡು. ಎರಡು ಬಣ್ಣದ ಪೆನ್ನು, ಅಂಚಿನಲ್ಲಿ ಹವಾಮಾನ. ಹವಾಮಾನಕ್ಕೂ ಪ್ಲಾಟ್‌ಫಾರ್ಮಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಆಗ ಯಾರೂ ಕೇಳಲಿಲ್ಲ.

ದೊಡ್ಡಮ್ಮನಿಗೆ ಆಗ ಅರವತ್ತೊಂದು. ಆ ವರ್ಷ ಸಂಗೀತದ ಜೂನಿಯರ್ ಪರೀಕ್ಷೆ ಕಟ್ಟಿದ್ದರು. ವಿಜಯನಗರದ ಒಂದು ಶಾಲೆಯಲ್ಲಿ, ಹತ್ತು ವರ್ಷದ ಮಕ್ಕಳ ಜೊತೆ. ಒಂಬತ್ತಕ್ಕೆ ಗೇಟು ಮುಚ್ಚುತ್ತದೆ, ತಡವಾದರೆ ಮುಂದಿನ ವರ್ಷ ಎಂದು ಪ್ರವೇಶಪತ್ರದಲ್ಲಿ ದಪ್ಪಕ್ಷರದಲ್ಲಿತ್ತು.

ಪರೀಕ್ಷೆಯ ಆ ಭಾನುವಾರ ಮೆಟ್ಟಿಲ ಬುಡದಲ್ಲಿ ನಿಂತು ನಾನು ನೋಟ್‌ಬುಕ್ ತೆರೆದೆ. "ಒಂದು, ದೊಡ್ಡಮ್ಮ. ಅನುಮಾನವೇ ಇಲ್ಲ."

ಅರ್ಧ ಹತ್ತಿದವರು ಕಂಬಿ ಹಿಡಿದು ನಿಂತರು. "ಲೋ, ಅಲ್ನೋಡೋ. ಬೆನ್ನಿಗೆ ಬ್ಯಾಗ್ ಹಾಕ್ಕೊಂಡಿರೋ ಆ ಹುಡುಗಿ ಎರಡಕ್ಕೆ ಹತ್ತಾ ಇದಾಳೆ."

"ಯಾರೋ ಪ್ಯಾಸೆಂಜರ್ ಇರ್ಬೇಕು."

"ಪ್ಯಾಸೆಂಜರ್ ಅಲ್ಲ ಕಣೋ, ಡ್ರೈವರ್ರು. ನಾನು ಬಂದಾಗೆಲ್ಲ ನೋಡಿ ನಗ್ತಾಳೆ."

"ನಲವತ್ತೊಂದು ದಿನದ ಲೆಕ್ಕ ಇದೆ ದೊಡ್ಡಮ್ಮ, ಹತ್ತಿ."

ಹತ್ತಿದರು. ಪುಸ್ತಕ ಓದಿದ ಹುಡುಗ ಹೇಳಿದ್ದಾನಲ್ಲ ಎಂಬ ನಂಬಿಕೆ. ನಾವು ಮೇಲೆ ತಲುಪುವುದಕ್ಕೂ ಎದುರಿನ ಎರಡನೇ ಪ್ಲಾಟ್‌ಫಾರ್ಮಿನಿಂದ ರೈಲು ಹೊರಡುವುದಕ್ಕೂ ಸರಿಹೋಯಿತು. ಮುಂದಿನ ಕಿಟಕಿಯಲ್ಲಿ ಆ ಹುಡುಗಿ ಕೂತಿದ್ದಳು. ದೊಡ್ಡಮ್ಮನನ್ನು ನೋಡಿ ನಕ್ಕಳು ಕೂಡ.

ಮುಂದಿನ ರೈಲಿಗೆ ಹತ್ತು ನಿಮಿಷ. ಪುಣ್ಯಕ್ಕೆ ಅದು ನಾವಿದ್ದ ಕಡೆಗೇ ಬರುವುದಿತ್ತು. ಬೆಂಚಿನ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತ ದೊಡ್ಡಮ್ಮ ನನ್ನ ಪುಟಗಳನ್ನು ತಿರುವಿದರು.

"ನೀನು ಹತ್ತಿದ ರೈಲು ಮಾತ್ರ ಬರ್ದಿದೀಯ. ತಪ್ಪಿಸ್ಕೊಂಡಿದ್ದೆಲ್ಲೋ?"

"ಅದನ್ನ... ಬರೀಲಿಲ್ಲ."

"ಆಹಾ, ಬರೀ ಗೆದ್ದ ಆಟದ್ದೇ ಸ್ಕೋರು!"

ಒಂದನೇ ಪ್ಲಾಟ್‌ಫಾರ್ಮಿನ ಮೆಟ್ಟಿಲು ಟಿಕೆಟ್ ಗೇಟಿಗೆ ಹತ್ತಿರ. ನಾನು ಹೆಚ್ಚಿನ ದಿನ ಅದನ್ನೇ ಹತ್ತಿ, ಅಲ್ಲಿ ಸಿಕ್ಕಿದ್ದನ್ನು ಬರೆದು, ಎದುರಿನಿಂದ ಹೋದದ್ದನ್ನು ಬಿಟ್ಟಿದ್ದೆ. ಇಪ್ಪತ್ತೊಂಬತ್ತು ಎನ್ನುವುದು ರೈಲಿನ ಅಭ್ಯಾಸವಲ್ಲ, ನನ್ನದು.

ನೋಟ್‌ಬುಕ್ ವಾಪಸ್ ತೆಗೆದುಕೊಂಡು ಮುಚ್ಚಿದೆ. ದೊಡ್ಡಮ್ಮ ಸಣ್ಣ ದನಿಯಲ್ಲಿ ಪರೀಕ್ಷೆಯ ಗೀತೆ ಶುರು ಮಾಡಿದರು. ಮನೆಯಲ್ಲಿ ತಿಂಗಳಿನಿಂದ ಎರಡನೇ ಸಾಲಿನಲ್ಲಿ ಜಾರುತ್ತಿದ್ದರು. ನಾನು ನೋಟ್‌ಬುಕ್ಕಿನ ರಟ್ಟಿನ ಮೇಲೆ ತಾಳ ಹಾಕಿದೆ. ನಾಲ್ಕನೇ ಸಲ ಜಾರಲಿಲ್ಲ. ಐದನೇ ಸಲವೂ ಇಲ್ಲ. ಎಂಟು ಐವತ್ತಾರಕ್ಕೆ ಶಾಲೆಯ ಗೇಟು ದಾಟಿದರು. ಪಾಸಾದರು.

ಈಗ ಹಳಿ ಮುಂದಕ್ಕೆ ಹೋಗಿದೆ, ನಮ್ಮದು ನಡುವಿನ ನಿಲ್ದಾಣ. ಊರ ಕಡೆಗೆ ಹೋಗಲು ಒಂದೇ ಪ್ಲಾಟ್‌ಫಾರ್ಮ್, ಯೋಚಿಸುವ ಕೆಲಸವಿಲ್ಲ. ಇವತ್ತು ದೊಡ್ಡಮ್ಮನ ಸೀನಿಯರ್ ಪರೀಕ್ಷೆ, ಮಧ್ಯಾಹ್ನ. ಅಡುಗೆಮನೆಯಿಂದಲೇ ಕೂಗಿದ್ದಾರೆ: "ಹತ್ತು ನಿಮಿಷ ಮುಂಚೆನೇ ಹೊರಡೋಣ ಕಣೋ. ಬೆಂಚಲ್ಲಿ ಕೂತ್ಕೋಬೇಕು, ಬಂದ ಮೊದಲನೇ ರೈಲು ಹತ್ಬಾರ್ದು."

ಹಳೆಯ ನೋಟ್‌ಬುಕ್ಕಿನಲ್ಲಿ ಹೊಸ ಕಾಲಂ ಗೀಚಿದ್ದೇನೆ: ಬೇಕೆಂದೇ ಬಿಟ್ಟ ರೈಲು. ಹೊರಡುವ ಮೊದಲೇ "1" ಎಂದು ಬರೆದೂ ಆಯಿತು.

ಕೊನೆಯ ನಿಲ್ದಾಣದಲ್ಲಿ ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಎಂದು ಯಾರು, ಹೇಗೆ ನಿರ್ಧರಿಸುತ್ತಾರೆ ಎಂಬುದು ನನಗಿನ್ನೂ ಗೊತ್ತಿಲ್ಲ. ಬಲ್ಲವರು ದಯವಿಟ್ಟು ಬರೆದು ತಿಳಿಸಿ. ತಪ್ಪಿಸಿಕೊಂಡ ರೈಲುಗಳನ್ನೂ ಸೇರಿಸಿ.