ಗೋಡೆಯಲ್ಲಿ ದಾರಿ ಬಿಡಿಸಿದ ಸೊಪ್ಪಿನಕ್ಕ

ಇನ್ನೂ ನಸುಕು. ಕಟ್ಟು ಕಟ್ಟು ಸೊಪ್ಪಿನ ಮೇಲೆ ಹಸಿ ಗೋಣಿ ಹೊದಿಸಿಕೊಂಡು ಸೊಪ್ಪಿನಕ್ಕ ಹಳೆ ಬಡಾವಣೆಯ ಕೊನೆಯ ಬೀದಿಗೆ ತಳ್ಳುಗಾಡಿ ತರುತ್ತಾರೆ. ಬೀದಿ ಮುಗಿಯುವಲ್ಲಿ ಗೋಡೆ. ಗೋಡೆಯ ನಡುವೆ ಗಾಡಿ ಹಿಡಿಸುವಷ್ಟು ಸಂದು. ಅದರೊಳಗೆ ನುಗ್ಗಿ "ಸೊಪ್ಪೇ... ಸೊಪ್ಪು!" ಎಂದು ಕೂಗಿದ್ದೇ ತಡ, ಆಚೆಯ ಹೊಸ ಬಡಾವಣೆಯ ಬಾಗಿಲುಗಳು ತೆರೆದುಕೊಳ್ಳುತ್ತವೆ.

"ನಿನ್ನೆ ಕೊಟ್ಟ ಕಟ್ಟು ಬಡಕಲಾಗಿತ್ತು ಅಕ್ಕಾ," ಎನ್ನುತ್ತಾರೆ ಮೇಷ್ಟರ ಹೆಂಡತಿ.

"ನಿಮ್ಮ ಯಜಮಾನರನ್ನ ನೋಡಿ ಸೊರಗಿರ್ಬೇಕು, ತಗೊಳ್ಳಿ," ಎಂದು ಸೊಪ್ಪಿನಕ್ಕ ಮೇಲೊಂದು ಹಿಡಿ ಹಾಕುತ್ತಾರೆ.

ಹೋದ ವರ್ಷ ಈ ಸಂದು ಇರಲಿಲ್ಲ. ಊರು ಬೆಳೆದಂತೆ ಹೊಲಗಳೆಲ್ಲ ಬಡಾವಣೆಗಳಾದವು, ಬೀದಿಗಳೆಲ್ಲ ಗೋಡೆಗೆ ಹಣೆ ಹೊಡೆದು ನಿಂತವು. ಕೂಗಿದರೆ ಓಗೊಡುವಷ್ಟು ಹತ್ತಿರದ ಮನೆಗೂ ಹೆದ್ದಾರಿ ಬಳಸಿ ಹೋಗಬೇಕು. ಅಷ್ಟರಲ್ಲಿ ಬಿಸಿಲೇರಿ ಸೊಪ್ಪು ಜೋತುಬೀಳುತ್ತಿತ್ತು. ಒಮ್ಮೆ ಲಾರಿಯೊಂದು ಗಾಡಿಯನ್ನು ಸವರಿಕೊಂಡು ಹೋಯಿತು. "ಸೊಪ್ಪಿಗೋಸ್ಕರ ಪ್ರಾಣ ಕೊಡ್ತೀಯಾ? ಗಾಡಿ ಮಾರ್ಬಿಡು," ಎಂದು ಗಂಡ ಪಟ್ಟು ಹಿಡಿದರು.

ಗಾಡಿ ಬಿಟ್ಟರೆ ಬೇರೆ ಬದುಕಿಲ್ಲ. ಸೊಪ್ಪಿನಕ್ಕ ಎರಡೂ ಬಡಾವಣೆಗಳ ಸಂಘಗಳ ಅಧ್ಯಕ್ಷರ ಬೆನ್ನು ಬಿದ್ದರು. ಈಚೆಯವರು "ಗೋಡೆ ಅವರದು" ಎಂದರು. ಆಚೆಯವರದೂ ಅದೇ ಮಾತು. ಕೊನೆಗೊಂದು ಭಾನುವಾರ ಕಾಡಿ ಬೇಡಿ ಇಬ್ಬರನ್ನೂ ಗೋಡೆಯ ಎರಡು ಬದಿಗೆ ಕರೆಸಿ, ಒಬ್ಬೊಬ್ಬರನ್ನು ಒಂದೊಂದು ತರಕಾರಿ ಕ್ರೇಟಿನ ಮೇಲೆ ಹತ್ತಿಸಿದರು. ಗೋಡೆಯ ಮೇಲೆ ಎರಡು ತಲೆ ಮುಖಾಮುಖಿ.

"ನಿಮ್ಮ ಗೋಡೆ ಸ್ವಲ್ಪ..." ಈಚೆಯ ಅಧ್ಯಕ್ಷರು ಶುರು ಮಾಡಿದರು.

"ನಮ್ಮದೆಲ್ಲಿ ಬಂತು ಸ್ವಾಮಿ! ನಿಮ್ಮದು ಅಂತಲೇ ಇಷ್ಟು ದಿನ ಮುಟ್ಟಿಲ್ಲ."

"ಯಾರದೂ ಅಲ್ದಿದ್ರೆ ನಂಗೆ ಕೊಟ್ಬಿಡಿ, ಸೊಪ್ಪಿನ ಜೊತೆ ಮಾರ್ಕೋತೀನಿ," ಎಂದರು ಸೊಪ್ಪಿನಕ್ಕ. ನೆರೆದವರು ಬಿದ್ದು ಬಿದ್ದು ನಕ್ಕರು. ಮರುವಾರವೇ ಸುತ್ತಿಗೆಯ ಸದ್ದು ಕೇಳಿತು.

ಈಗ ಶಾಲೆಯ ಮಕ್ಕಳು, ದವಾಖಾನೆಗೆ ಹೊರಟ ಬಸುರಿಯರು, ಎಲ್ಲರದೂ ಇದೇ ದಾರಿ. "ದಾರಿ ಮಾಡ್ಸಿದೋಳಿಗೇ ದಾರಿ ಬಿಡಲ್ಲ ನೋಡಿ," ಎಂದು ಗೊಣಗುವ ಸೊಪ್ಪಿನಕ್ಕನ ಮುಖ ಮಾತ್ರ ಅರಳಿರುತ್ತದೆ.

ಇವತ್ತು ವ್ಯಾಪಾರ ಮುಗಿದರೂ ಅವರು ಮನೆಗೆ ತಿರುಗುವುದಿಲ್ಲ. ಹೊಸ ಬಡಾವಣೆಯ ಆಚೆ ಇನ್ನೊಂದು ಏಳುತ್ತಿದೆ. ಅದರ ಕಾಂಪೌಂಡಿಗೆ ಎಳೆದ ಸುಣ್ಣದ ಗೆರೆಯ ಮೇಲೆ, ಬೀದಿಯ ನೇರಕ್ಕೇ, ಗಾಡಿ ತಂದು ನಿಲ್ಲಿಸುತ್ತಾರೆ.

"ಸ್ವಲ್ಪ ಆ ಕಡೆ ಹೋಗಕ್ಕಾ, ಪಾಯ ತೋಡ್ಬೇಕು," ಎನ್ನುತ್ತಾನೆ ಮೇಸ್ತ್ರಿ.

"ನಾನು ಜರುಗಲ್ಲಪ್ಪ. ಗಾಡಿಯಷ್ಟು ಜಾಗ ಬಿಟ್ಟು ತೋಡು."

ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಾನೆ. ಆಮೇಲೆ ನಕ್ಕು, ಗಾಡಿಯ ಎರಡು ಬದಿಗೂ ಗೂಟ ಹೊಡೆಯುತ್ತಾನೆ.