ರಜೆ ಕೇಳುವ ಆಟ

ನನಗೆ ಆಟದ ಹುಚ್ಚು ಚಿಕ್ಕಂದಿನಿಂದಲೂ ಇತ್ತು. ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ಸಾಗರದಿಂದ ಹೊಸನಗರದ ಒಂದು ಕಚೇರಿಗೆ ವರ್ಗವಾಯಿತು. ಟ್ರಂಕಿನಲ್ಲಿ ಬಟ್ಟೆಗಿಂತ ಮೊದಲು ಇಟ್ಟದ್ದು ಚದುರಂಗದ ಡಬ್ಬಿ. ಅಲ್ಲಿ ನೋಡಿದರೆ ಚದುರಂಗಕ್ಕೆ ಗಿರಾಕಿಯೇ ಇಲ್ಲ! ಊಟದ ಹೊತ್ತಿನಲ್ಲಿ ಹಳೇ ಫೈಲಿನ ರಟ್ಟಿನ ಮೇಲೆ ಗೆರೆ ಎಳೆದು ಹುಲಿ-ಕುರಿ ಆಡುತ್ತಿದ್ದರು. ಮಸಿ ಬಾಟಲಿಯ ಮುಚ್ಚಳ ಹುಲಿ, ಹುಣಸೆ ಬೀಜ ಕುರಿ; ಹುಲಿ ಕುರಿಯನ್ನು ಹಾರಿ ತಿನ್ನಬೇಕು, ಕುರಿಗಳು ಸೇರಿ ಹುಲಿಗೆ ದಾರಿ ಕಟ್ಟಬೇಕು. ಮೊದಮೊದಲು ಮೂಗು ಮುರಿದೆ. ಆಮೇಲೆ ಅನ್ನಿಸಿತು, ಚದುರಂಗದಲ್ಲಿ ಎರಡು ಕಡೆಗೂ ಸಮ ಬಲ. ಅಂಥ ಕಚೇರಿಯನ್ನು ನಾನಂತೂ ಕಂಡಿಲ್ಲ. ಕಚೇರಿಗೆ ಹುಲಿ-ಕುರಿಯೇ ಸರಿ.

ಇನ್ನೊಂದು ಆಟವನ್ನು ನಾವೇ ಕಟ್ಟಿಕೊಂಡಿದ್ದೆವು. ಸಾಹೇಬರ ಹತ್ತಿರ ರಜೆ ಕೇಳಬೇಕಾದವನು ಮೊದಲು ನಮ್ಮೆದುರು ಕೇಳಬೇಕು. ಒಬ್ಬ ಸಾಹೇಬನಾಗಿ ಕೂತು ಆಗುವುದಿಲ್ಲ ಎನ್ನುತ್ತಾನೆ; ಕೇಳುವವನು ಮಾತಿನಲ್ಲೇ ದಾರಿ ಹುಡುಕಬೇಕು. ಅಭ್ಯಾಸಕ್ಕೆ ಅಭ್ಯಾಸ, ನಗೆಗೆ ನಗೆ. ಸಾಹೇಬನ ಪಾತ್ರ ಯಾವಾಗಲೂ ನನಗೇ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಪೆನ್ನಿನಿಂದ ಮೇಜು ಕುಟ್ಟಿ "ಹ್ಞೂಂ, ಹೇಳ್ರೀ" ಎಂದರೆ ಜವಾನನೂ ಎದ್ದು ನಿಲ್ಲುತ್ತಿದ್ದ. ನನಗೆ ಒಳಗೊಳಗೇ ಹೆಮ್ಮೆ, ಸುಳ್ಳೇಕೆ ಹೇಳಲಿ.

ಪಕ್ಕದ ಮೇಜಿನ ಗುಮಾಸ್ತ ತೀರ್ಥಹಳ್ಳಿ ಕಡೆಯ ಅರಳಸುರಳಿಯವನು. ನನಗಿಂತ ಚಿಕ್ಕವನು, ಬಾಯಿ ಸತ್ತವನು. ಹುಲಿ-ಕುರಿಯಲ್ಲಿ ಯಾವಾಗಲೂ ಕುರಿಯನ್ನೇ ಆರಿಸಿ, ಸದ್ದಿಲ್ಲದೆ ನನ್ನ ಹುಲಿಗಳನ್ನು ಕಟ್ಟಿಹಾಕುತ್ತಿದ್ದ. ಅದು ನನಗೆ ಚುಚ್ಚುತ್ತಿತ್ತು. ಒಂದು ಗುರುವಾರ ಊಟದ ಹೊತ್ತಿಗೆ ರಜೆ ಚೀಟಿ ಹಿಡಿದು ಬಂದ.

"ಅಣ್ಣಾ, ಇವತ್ತು ಸಾಹೇಬ್ರ ಹತ್ರ ಕೇಳ್ಬೇಕು. ಒಂದ್ಸಲ ಕೂತ್ಕೊಳ್ತೀರಾ?"

ಕೂತೆ. ಸುತ್ತ ಐದಾರು ಜನ ಸೇರಿದರು.

"ಸಾರ್, ಅಪ್ಪಯ್ಯಂಗೆ ಹುಷಾರಿಲ್ಲ. ಎರಡು ದಿನ ರಜೆ ಬೇಕಿತ್ತು."

"ಏನ್ರೀ, ಇನ್ಸ್‌ಪೆಕ್ಷನ್ ಬಂತು ಅಂದ್ಕೂಡ್ಲೇ ನಿಮ್ಮಪ್ಪನಿಗೆ ಜ್ವರ ಬರುತ್ತಾ?"

ಎಲ್ಲರೂ ಘೊಳ್ಳೆಂದರು.

"ಜ್ವರ ಅಲ್ಲ ಸಾರ್. ಊಟ ಬಿಟ್ಟು ನಾಕು ದಿನ ಆತು. ನನ್ನನ್ನೇ ಕೇಳ್ತಿದಾರಂತೆ."

"ನೀವೇನು ಡಾಕ್ಟ್ರಾ? ಹೋಗಿ ಮಾಡೋದು ಎಂತ? ಸೋಮವಾರ ಇನ್ಸ್‌ಪೆಕ್ಷನ್ ಮುಗೀಲಿ, ಆಮೇಲೆ ನೋಡೋಣ. ಹೋಗಿ, ಕೆಲಸ ಮಾಡಿ."

ನಿಜವಾದ ಸಾಹೇಬರಿಗೆ ಕೊಡುವ ಹಾಗೆ ಅವನು ಚೀಟಿಯನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ. ಇದು ಆಟವಲ್ಲ ಎಂದು ಆ ಕ್ಷಣಕ್ಕೇ ನನಗೆ ಗೊತ್ತಾಯಿತು. "ಸಾಕು ಮಾರಾಯ, ಒಳಗೆ ಹೋಗಿ ಕೇಳು" ಎನ್ನಬಹುದಿತ್ತು. ಅನ್ನಲಿಲ್ಲ. ಸುತ್ತ ನಗುತ್ತಿದ್ದರಲ್ಲ, ಒಂದು ಸಲವಾದರೂ ನಾನು ಅವನನ್ನು ಗೆಲ್ಲುತ್ತಿದ್ದೆನಲ್ಲ! ಥೂ, ನನ್ನ ಜನ್ಮಕ್ಕಿಷ್ಟು.

ಅವನು ಚೀಟಿ ಮಡಚಿ ಜೇಬಿಗಿಟ್ಟ. ಸಾಹೇಬರ ಕೋಣೆಗೆ ಹೋಗಲೇ ಇಲ್ಲ. ತೀರ್ಥಹಳ್ಳಿ ಬಸ್ಸು ಹಾರ್ನ್ ಹೊಡೆದು ಹೊರಟಾಗ ಟಪಾಲು ರಿಜಿಸ್ಟರಿಗೆ ಗೆರೆ ಹಾಕುತ್ತಿದ್ದ. ನಾನು ಪಕ್ಕದಲ್ಲೇ ಕೂತು ಫೈಲು ತಿರುವುತ್ತಿದ್ದೆ.

ಶನಿವಾರ ಬೆಳಿಗ್ಗೆ ಅವನ ಊರಿನವರೊಬ್ಬರು ಬಂದು ಅಪ್ಪ ಹೋದ ಸುದ್ದಿ ಹೇಳಿದರು. ಸಾಹೇಬರು ತಮ್ಮ ಜೀಪಿನಲ್ಲೇ ಅವನನ್ನು ಊರಿಗೆ ಕಳಿಸಿದರು. ಜೀಪು ಹೋದ ಮೇಲೆ ನಮ್ಮ ಕಡೆ ತಿರುಗಿ, "ಅಪ್ಪನಿಗೆ ಅಷ್ಟು ಜೋರಿತ್ತು ಅಂತ ಒಂದ್ಮಾತು ಹೇಳ್ಬಾರ್ದಿತ್ತೇನ್ರೀ? ನಾನು ಬೇಡ ಅಂತಿದ್ನಾ?" ಎಂದರು. ಒಬ್ಬೊಬ್ಬರೇ ತಮ್ಮ ಮೇಜಿಗೆ ಸರಿದರು. ನಾನೂ ಸರಿದೆ.

ಕರ್ಮವೆಲ್ಲ ಮುಗಿಸಿ, ಬೋಳು ತಲೆಯಲ್ಲಿ ಅವನು ಕೆಲಸಕ್ಕೆ ಬಂದ. ಊಟದ ಹೊತ್ತಿಗೆ ನಾನೇ ರಟ್ಟು ಹಾಸಿ ಅವನೆದುರು ಕೂತೆ. ತಪ್ಪಾಯಿತು ಎನ್ನಬೇಕೆಂದಿದ್ದೆ. ಬಾಯಿಂದ ಹೊರಟದ್ದು ಮಾತ್ರ, "ಸಾಹೇಬ್ರು ರಜೆ ಕೊಡ್ತಿದ್ರಂತೆ ಕಣೋ."

ಅವನು ಎಂದಿನಂತೆ ಹುಣಸೆ ಬೀಜಗಳನ್ನು ತನ್ನ ಕಡೆಗೆ ಎಳೆದುಕೊಂಡು ಮೊದಲ ಕುರಿ ಇಟ್ಟ. ತಲೆ ಎತ್ತಲಿಲ್ಲ, ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಗೊತ್ತಾತು ಅಣ್ಣಾ. ನೀವು ನನ್ನೋರು. ನೀವೇ ಕೊಡಲ್ಲ ಅಂದ್ಮೇಲೆ ಅವ್ರೆಲ್ಲಿ ಕೊಡ್ತಾರೆ ಅಂದ್ಕೊಂಡೆ."