ಕಣಜ ಬಿಡುವ ಕೋಮಲಾ

ಕೆಂಕೆರೆಯ ಕೋಮಲಾ ಗೊತ್ತಿಲ್ಲ ಎನ್ನುವ ತೆಂಗಿನ ತೋಟದವರು ಆ ಸುತ್ತಿನಲ್ಲಿ ಸಿಗುವುದಿಲ್ಲ. ಹೆಗಲಿಗೊಂದು ಡಬ್ಬಿ ನೇತುಹಾಕಿಕೊಂಡು, ಬಿಸಿಲಿಗೆ ತಲೆ ತುಂಬ ವೇಲು ಸುತ್ತಿಕೊಂಡು ಸ್ಕೂಟಿಯಲ್ಲಿ ಬರುವವಳು ಅವಳೊಬ್ಬಳೇ. ಡಬ್ಬಿಯಲ್ಲಿ ಗಾಜಿನ ಕೊಳವೆಗಳು, ಕೊಳವೆಗಳಲ್ಲಿ ಇರುವೆ ಗಾತ್ರದ ಕಪ್ಪು ಕಣಜಗಳು. ಗರಿ ಕೆರೆದು ತಿಂದು ತೋಟವನ್ನೇ ಸುಟ್ಟ ಹಾಗೆ ಮಾಡುವ ಕಪ್ಪುತಲೆ ಹುಳುವಿನ ಮೈಮೇಲೆ ಈ ಕಣಜ ಮೊಟ್ಟೆಯಿಡುತ್ತದೆ. ಮರಿಗಳು ಹುಳುವನ್ನು ತಿಂದು ದೊಡ್ಡವಾಗುತ್ತವೆ. ಕಣಜ ಸಾಕುವುದು ಪ್ರಯೋಗಾಲಯದವರ ಕೆಲಸ, ಬಿಡುವುದು ಕೋಮಲಾಳದು.

ಬಿಡುವುದೇನು ಮಹಾ, ಕೊಳವೆಯ ಬಾಯಿಗಿಟ್ಟ ಹತ್ತಿ ತೆಗೆದರಾಯಿತು. ಕಷ್ಟವಿರುವುದು ತಿಳಿಸಿ ಹೇಳುವುದರಲ್ಲಿ. ದಂಡಿನಶಿವರದ ರೈತ ಭೀಮರಾಜು ಡಬ್ಬಿಯೊಳಗೆ ಇಣುಕಿ, "ಹುಳುಕ್ಕೆ ಇನ್ನೊಂದು ಹುಳ ಬುಡ್ತೀಯಲ್ಲವ್ವ! ಔಸ್ದಿ ಹೊಡುದ್ರೆ ಒಂದೇ ದಿನುಕ್ಕೆ ಎಲ್ಲ ಸಾಯ್ತವೆ" ಎಂದು ನಕ್ಕಿದ್ದ.

ಕೋಮಲಾ ಅವನ ಅಂಗಳದಲ್ಲಿದ್ದ ಹಗ್ಗದ ಮಂಚ ತೋರಿಸಿದಳು. "ಈ ಹಗ್ಗ ಎಳೀರಿ, ನೋಡಾನ."

ಅವನು ಕಾಲ ಹತ್ತಿರದ ಹಗ್ಗ ಎಳೆದ. ತಲೆಯ ಕಡೆ ಹೆಣಿಗೆ ಬಿಗಿಯಾಯಿತು, ನಡುವೆ ಸಡಿಲವಾಯಿತು.

"ತೋಟಾನೂ ಇಂಗೇ ಕಣ್ರೀ. ಒಂದ ಮುಟ್ಟುದ್ರೆ ಅದೊಂದೇ ಅಲ್ಲಾಡಲ್ಲ. ಔಸ್ದೀಲಿ ಹುಳುದ್ ಜೊತ್ಗೆ ಕಣಜಾನೂ ಸಾಯ್ತವೆ. ಆಮೇಲೆ ಉಳ್ಕಂಡಿರೋ ಹುಳ ಮರಿ ಹಾಕುದ್ರೆ ಕೇಳೋರೇ ಇರಲ್ಲ. ಕಣಜ ಬುಟ್ಟ ಮೇಲೆ ಔಸ್ದಿ ಹೊಡೀಬ್ಯಾಡ್ರಿ, ಗರಿ ಕಡೀಬ್ಯಾಡ್ರಿ. ಗರಿ ಹಿಂದ್ಗಡೆ ಅವುಗಳ ಗೂಡಿರ್ತವೆ."

ಆರು ವರ್ಷಗಳಿಂದ ಇದನ್ನೇ ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು.

ಈ ಸಲ ಹುಳು ಅವಳ ಮನೆಯ ತೋಟಕ್ಕೇ ಬಂತು. ಅತ್ತೆ ಸಿದ್ದಕ್ಕ ಹದಿನಾಲ್ಕು ವರ್ಷದ ಹಿಂದೆ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಸಾಕಿದ್ದ ಇಪ್ಪತ್ತೆರಡು ಮರ. ಗಂಡ ಚಿತ್ತೇಶ್ ಕಂದಿದ ಗರಿಗಳನ್ನು ನೋಡಿದವನೇ, "ಕಿತ್ತಾಕ್ಸಿ ದಾಳಿಂಬೆ ಇಡಾನ" ಎಂದ. ಸಿದ್ದಕ್ಕ ಊಟ ಬಿಟ್ಟು ಮೂಲೆ ಹಿಡಿದಳು. ಕೋಮಲಾ ನಡುವೆ ಬಾಯಿ ಹಾಕಿದಳು: "ನಾಕು ತಿಂಗ್ಳು ಕೊಡಿ. ಹಸ್ರು ಬರ್ಲಿಲ್ಲ ಅಂದ್ರೆ ನಿಮ್ಮಿಷ್ಟ."

ಚಿತ್ತೇಶ್ ಒಪ್ಪಿದ. ಸಿದ್ದಕ್ಕ ಕಣ್ಣೊರೆಸಿಕೊಂಡು, "ನೀನೇಳ್ದಂಗೇ ಮಾಡ್ತೀನಿ ಕಣವ್ವ" ಎಂದಳು. ಮೊದಲು ಹುಳುಗಳ ಕಾಟ ಸ್ವಲ್ಪ ಇಳಿಯಲಿ ಎಂದು ಕೋಮಲಾ ಸ್ಕೂಟಿ ಹತ್ತುತ್ತಲೇ, "ಕೆಳ್ಗಿನ ಗರಿ ಕಡ್ದು ಸುಟ್ಟಾಕಿ ಅತ್ತೆ" ಎಂದು ಕೂಗಿ ಹೊರಟಳು. ವಾರದ ಮೇಲೆ ಕಣಜ ಬಿಟ್ಟಳು. ಆಮೇಲೆ ಹದಿನೈದು ದಿನಕ್ಕೊಮ್ಮೆ, ತಪ್ಪದೆ.

ಭೀಮರಾಜುವಿನ ತೋಟದಲ್ಲಿ ಹೊಸ ಗರಿ ಹಸಿರಾಗಿ ನಿಂತವು. ಅವನೇ ಫೋನು ಮಾಡಿ ಹೇಳಿದ. ಕೋಮಲಾಳ ಮನೆಯ ಮರಗಳು ಮಾತ್ರ ದಿನದಿನಕ್ಕೆ ಬೋಳಾದವು. ಅವಳು ಬಿಸಿಲನ್ನು ಬೈದಳು, ಗಾಳಿಯನ್ನು ಬೈದಳು, ಕೊಳವೆಗಳ ಮೇಲೆ ಗುಮಾನಿಪಟ್ಟಳು. ಬೆಳಿಗ್ಗೆ ಏಳಕ್ಕೆ ಹೋದರೆ ಬರುವುದು ಸಂಜೆಗೆ. ಬಂದವಳು ಅತ್ತೆ ಕಾಯಿಸಿಟ್ಟ ನೀರು ಹೊಯ್ದುಕೊಂಡು ಬಿದ್ದುಕೊಳ್ಳುತ್ತಿದ್ದಳು.

ನಾಲ್ಕು ತಿಂಗಳು ತುಂಬಿದ ಮರುದಿನ ಜೆಸಿಬಿ ಬಂತು. ಒಂದೊಂದೇ ಮರ ವಾಲಿ, ಬೇರು ಕಿತ್ತು ಬಿತ್ತು. ಸಿದ್ದಕ್ಕ ಬದುವಿನ ಮೇಲೆ ಕೂತು ಎದೆ ಬಡಿದುಕೊಂಡಳು. ಕೋಮಲಾಳಿಗೆ ಅಳು ಬರಲಿಲ್ಲ, ಗಂಡನ ಮೇಲೆ ಸಿಟ್ಟೂ ಬರಲಿಲ್ಲ. ಕೈಕಾಲು ಇನ್ಯಾರದೋ ಎನಿಸುತ್ತಿತ್ತು. ಮಧ್ಯಾಹ್ನ ಡ್ರೈವರಿಗೆ ಅನ್ನ ಬಡಿಸಿದಳು, ಉಪ್ಪು ಸಾಕಾ ಎಂದೂ ಕೇಳಿದಳು.

ಸಂಜೆ ಬಚ್ಚಲಿಗೆ ಹೋದಾಗ ಹಂಡೆಯ ಒಲೆ ಕುಂದಿತ್ತು. ಪಕ್ಕದ ರಾಶಿಯಿಂದ ಗರಿಯೊಂದನ್ನು ಎಳೆದಳು. ಆರು ವರ್ಷದ ಅಭ್ಯಾಸ, ಕೈ ತಾನಾಗಿಯೇ ಅದನ್ನು ಮಗುಚಿ, ಹುಳು ನೇಯ್ದ ಬಲೆಯನ್ನು ಉಗುರಿನಿಂದ ಬಿಡಿಸಿತು. ಒಳಗೆ ಕಣಜದ ಗೂಡುಗಳು ಸಾಲಾಗಿದ್ದವು. ಎಲ್ಲ ತುಂಬಿದ ಗೂಡುಗಳು, ಕಣಜ ಇನ್ನೂ ಹೊರಬಂದಿರಲಿಲ್ಲ.

"ಈ ಗರಿ ಎಲ್ಲಿವು ಅತ್ತೆ?"

"ನಮ್ ಮರುದ್ವೇ" ಎಂದಳು ಬಾಗಿಲಲ್ಲಿ ನಿಂತಿದ್ದ ಸಿದ್ದಕ್ಕ. "ಕಡ್ದು ಸುಡಿ ಅಂದಿದ್ಯಲ್ಲ. ಅವತ್ನಿಂದ ಒಂದಿನಾನೂ ತಪ್ಸಿಲ್ಲ. ದಿನಾ ದೋಟೀಲಿ ಎಳ್ದು ನಿನ್ ನೀರಿಗೇ ಹಾಕ್ತಿದ್ದೆ."

ಭೀಮರಾಜುವಿಗೆ ಹೇಳಿದ್ದ ಮಾತನ್ನು ಕೋಮಲಾ ಮನೆಯಲ್ಲಿ ಹೇಳಿರಲಿಲ್ಲ. ಮನೆಯವರಿಗೆ ಗೊತ್ತೇ ಇರುತ್ತದೆ ಎಂದುಕೊಂಡಿದ್ದಳು.

"ಎಲ್ಲಾ ನೀನೇಳ್ದಂಗೇ ಮಾಡಿದ್ವಲ್ಲವ್ವ" ಎಂದಳು ಸಿದ್ದಕ್ಕ. "ಯಾಕಿಂಗಾಯ್ತು?"

ಊರೂರು ತಿರುಗಿ ತಿಳಿಸಿ ಹೇಳುವುದೇ ಕಸುಬಾದವಳು ಅತ್ತೆಯ ಮುಖ ನೋಡಿದಳು.

"ಗೊತ್ತಾಗ್ಲಿಲ್ಲ ಕಣತ್ತೆ."

ಸಿದ್ದಕ್ಕ ಒಳಗೆ ಹೋದ ಮೇಲೆ ಆ ಗರಿಯನ್ನು ಹೊರಗೆ ತಂದು ಗೋಡೆಗೆ ಒರಗಿಸಿದಳು, ಇರುವಷ್ಟಾದರೂ ಹಾರಿಹೋಗಲಿ ಎಂದು. ಬಚ್ಚಲ ಬಾಗಿಲು ಹಾಕಿಕೊಂಡಳು. ಹಂಡೆಯ ನೀರು ಹಬೆಯಾಡುತ್ತಿತ್ತು. ಒಂದು ಚೊಂಬು ಹೊಯ್ದುಕೊಂಡಳು, ಇನ್ನೊಂದು ಹೊಯ್ದುಕೊಂಡಳು. ಬಿಸಿ ಎನಿಸಲಿಲ್ಲ.